‘ಮನೆಯಲ್ಲೇ ಮಾಡಿದ ಬೆಲ್ಲದ ಟೊಮೆಟೊ ಸಾಸ್’ ಅಂತ ಮೈಸೂರಲ್ಲಿ ಮಾರ್ತಿದ್ದಾರೆ, ಹುಷಾರು

ಬಾಟಲಿಗೆ ಚೀಟಿ ಮೇಲೆ ಚೀಟಿ ಅಂಟಿಸಿ ಮಾರಿದ್ದಾರೆ! ಮೇಲಿನದರಲ್ಲಿ ‘ಮಂಡ್ಯದ ಸಾವಯವ ಬೆಲ್ಲ, ಸಕ್ಕರೆ ಇಲ್ಲ, ಪ್ರಿಸರ್ವೇಟಿವ್ ಇಲ್ಲ’. ಅರ್ಧ ಕೆಜಿಗೆ 280 ರೂಪಾಯಿ. ಬಾಟಲಿ ಒದ್ದೆಯಾಗಿ ಮೂಲೆ ಎದ್ದಿತ್ತು, ಕಿತ್ತರೆ ಒಳಗೆ ಬೇರೆ ಕಂಪನಿ ಚೀಟಿ. ನೀರು, ಸಕ್ಕರೆ, ಟೊಮೆಟೊ ಪೇಸ್ಟ್, ಉಪ್ಪು, ಐಎನ್‌ಎಸ್ (ಆಹಾರಕ್ಕೆ ಸೇರಿಸೋ ಪದಾರ್ಥಗಳ ಸಂಕೇತ ಸಂಖ್ಯೆ) 260, 1422, 211. ಜಾಸ್ತಿ ಇರುವುದನ್ನೇ ಮೊದಲು ಬರೆಯಬೇಕು ಅನ್ನೋದು ನಿಯಮ. ಅಂದ್ರೆ ಟೊಮೆಟೊ ಪೇಸ್ಟ್‌ಗಿಂತ ಸಕ್ಕರೆಯೇ ಹೆಚ್ಚು. 211 ಅಂದ್ರೆ ಸೋಡಿಯಂ ಬೆಂಜೊಯೇಟ್, ಅದೇ ಪ್ರಿಸರ್ವೇಟಿವ್.

ಮಾರಿದವರಿಗೆ ಫೋನ್ ಮಾಡಿದರೆ, "ಅದು ಹಳೇ ಬಾಟಲಿ ಮೇಡಂ, ತೊಳೆದು ತುಂಬಿಸಿದ್ದು." ಹಾಗಾದ್ರೆ ಮುಚ್ಚಳದ ಕಂಪನಿ ಸೀಲ್ ಹೇಗೆ ಹಾಗೇ ಇತ್ತು? ಆಮೇಲೆ, "211 ಎಲ್ಲರೂ ಹಾಕ್ತಾರೆ, ಸರ್ಕಾರವೇ ಒಪ್ಪಿದೆ." ಮಿತಿಯೊಳಗೆ ಒಪ್ಪಿದೆ, ನಿಜ. ಹಾಕಿದ್ದನ್ನ ‘ಇಲ್ಲ’ ಅಂತ ಪ್ರಿಂಟ್ ಮಾಡೋಕೆ ಒಪ್ಪಿದೆಯಾ? ಕೊನೆಗೆ, "ಇಷ್ಟ ಇಲ್ಲ ಅಂದ್ರೆ ತಗೋಬೇಡಿ." ದುಡ್ಡು ವಾಪಸ್ ಕೇಳಿದ ಮೇಲೆ ನಂಬರ್ ಬ್ಲಾಕ್. ಮೈ ಉರಿಯುತ್ತೆ.

ಬಣ್ಣ ನೋಡಿ. ಬೆಲ್ಲ ಹಾಕಿದ ಸಾಸ್ ಕಂದು ತಿರುಗುತ್ತೆ, ಇದು ಕಡುಕೆಂಪು. ‘ಸಿಹಿ ಕಮ್ಮಿ, ಪ್ರಿಸರ್ವೇಟಿವ್ ಇಲ್ಲ, ತೆರೆದ ಮೇಲೂ ಫ್ರಿಜ್ ಬೇಡ’ ಅಂದರೆ ಸುಳ್ಳು. ಸಕ್ಕರೆ, ಹುಳಿ ಕಮ್ಮಿ ಮಾಡಿದ ಸಾಸ್ ಹೊರಗಿಟ್ಟರೆ ಕೆಲವೇ ದಿನಕ್ಕೆ ಬೂಷ್ಟು. ಚೀಟಿಯ ಅಂಚನ್ನ ಉಗುರಲ್ಲಿ ಕೆರೆದು ನೋಡಿ, 14 ಅಂಕಿಯ ಎಫ್‌ಎಸ್‌ಎಸ್‌ಎಐ (ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ) ಲೈಸೆನ್ಸ್ ನಂಬರ್ ಯಾರ ಹೆಸರಲ್ಲಿದೆ ಅಂತ ಅವರದ್ದೇ ಫುಡ್ ಸೇಫ್ಟಿ ಕನೆಕ್ಟ್ ಆ್ಯಪ್‌ನಲ್ಲಿ ಹುಡುಕಿ.

ಇದಕ್ಕಿಂತ ಮನೆಯಲ್ಲಿ ಮಾಡೋದು ವಾಸಿ. ಒಂದು ಕೆಜಿ ಹಣ್ಣಾದ ನಾಟಿ ಟೊಮೆಟೊ ಬೇಯಿಸಿ, ರುಬ್ಬಿ, ಸೋಸಿ. ದಪ್ಪ ತಳದ ಪಾತ್ರೆಯಲ್ಲಿ ಮೂರನೇ ಒಂದು ಭಾಗ ಆಗೋವರೆಗೂ ಕುದಿಸಿ. ತಟ್ಟೆ ಮೇಲೆ ಒಂದು ಹನಿ ಹಾಕಿದರೆ ಸುತ್ತ ನೀರು ಬಿಡಬಾರದು. ಬೆಲ್ಲ 40 ಗ್ರಾಂ ಸಾಕು. ಕರಗಿಸಿ ಸೋಸಿ (ಮಣ್ಣು ಇರುತ್ತೆ), ಕೊನೆಗೇ ಹಾಕಿ, ಮೊದಲೇ ಹಾಕಿದರೆ ತಳ ಹಿಡಿಯುತ್ತೆ. ಉಪ್ಪು ಒಂದು ಚಮಚ, ವಿನೆಗರ್ ಮೂರು ದೊಡ್ಡ ಚಮಚ. ಕುದಿಸಿ ಒಣಗಿಸಿದ ಗಾಜಿನ ಬಾಟಲಿಗೆ ಬಿಸಿಬಿಸಿ ತುಂಬಿ, ಆರಿದ ಮೇಲೆ ಫ್ರಿಜ್. ಎರಡು ವಾರದಲ್ಲಿ ಮುಗಿಸಿ, ಒದ್ದೆ ಚಮಚ ಬೇಡವೇ ಬೇಡ. ಬೆಲ್ಲವೂ ಸಕ್ಕರೆಯೇ, ಶುಗರ್ ಇರೋರು ಅದನ್ನೂ ಬಿಡಿ.

ಮೋಸ ಹೋಗಿದ್ದರೆ ಬಾಟಲಿ, ಎರಡೂ ಚೀಟಿ, ಪಾವತಿಯ ಸ್ಕ್ರೀನ್‌ಶಾಟ್ ಎಸೀಬೇಡಿ. ಜಿಲ್ಲೆಯ ಆಹಾರ ಸುರಕ್ಷತಾ ಅಂಕಿತಾಧಿಕಾರಿಗೆ ದೂರು ಕೊಡೋಕೆ ಅವೇ ಬೇಕು.