ಒಂದೇ ವರದಿ, ಮೂರು ಲೈಬ್ರರಿಗಳು: ರಿಪೋರ್ಟ್‌ಲ್ಯಾಬ್, ಎಫ್‌ಪಿಡಿಎಫ್2, ವೀಜಿಪ್ರಿಂಟ್

ಕನ್ನಡ ಪಠ್ಯ, ಹಲವು ಪುಟಗಳಿಗೆ ಹರಿಯುವ ಒಂದು ಕೋಷ್ಟಕ, ಒಂದು ಸ್ತಂಭನಕ್ಷೆ ಮತ್ತು ಪ್ರತಿ ಪುಟದ ಅಡಿಯಲ್ಲಿ ‘ಪುಟ 2 / 5’ ಎಂಬ ಬಗೆಯ ಸಂಖ್ಯೆ, ಇಷ್ಟನ್ನು ಒಳಗೊಂಡ ಒಂದೇ ವರದಿಯನ್ನು ಪೈಥಾನ್ ಭಾಷೆಯ ಮೂರು ಲೈಬ್ರರಿಗಳಿಂದ, ಅಂದರೆ ಸಿದ್ಧ ಕೋಡ್‌ನ ಸಂಗ್ರಹಗಳಿಂದ, ಪಿಡಿಎಫ್ ಆಗಿ ತಯಾರಿಸಿ ನೋಡಿದೆ. ದತ್ತಾಂಶ, ಫಾಂಟ್ ಮತ್ತು ಎ4 ಪುಟದ ಅಳತೆಯನ್ನು ಮೂರಕ್ಕೂ ಒಂದೇ ಇಟ್ಟಿದ್ದೆ. ಪಿಡಿಎಫ್ ಕಡತದ ಪುಟದ ಮಟ್ಟಿಗೆ ಇರುವುದು ‘ಈ ಜಾಗದಲ್ಲಿ ಈ ಅಕ್ಷರರೂಪವನ್ನು ಇಡು, ಇಲ್ಲಿಂದ ಅಲ್ಲಿಗೆ ಗೆರೆ ಎಳೆ’ ಎಂಬ ಬಗೆಯ ಆದೇಶಗಳು ಮಾತ್ರ. ಸಾಲು ಎಲ್ಲಿ ಮುರಿಯಬೇಕು, ಪುಟ ಎಲ್ಲಿ ಮುಗಿಯಬೇಕು ಎಂಬ ಲೆಕ್ಕವನ್ನು ಕಡತ ಬರೆಯುವ ಮೊದಲೇ ಯಾರಾದರೂ ಮಾಡಿರಬೇಕು. ಆ ಲೆಕ್ಕದಲ್ಲಿ ಎಷ್ಟನ್ನು ಲೈಬ್ರರಿ ಹೊರುತ್ತದೆ, ಎಷ್ಟನ್ನು ನಮಗೆ ಬಿಡುತ್ತದೆ ಎಂಬುದರಲ್ಲೇ ಈ ಮೂರರ ನಿಜವಾದ ವ್ಯತ್ಯಾಸವಿದೆ.

ರಿಪೋರ್ಟ್‌ಲ್ಯಾಬ್‌ನಲ್ಲಿ ಎರಡು ಮಟ್ಟಗಳಿವೆ. ಕೆಳಗಿನದು ಕ್ಯಾನ್ವಾಸ್. ಇಲ್ಲಿ ಅಳತೆ ಶುರುವಾಗುವ ಮೂಲಬಿಂದು ಪುಟದ ಎಡಗಡೆಯ ಕೆಳಮೂಲೆಯಲ್ಲಿರುತ್ತದೆ, ಅಳತೆ ಪಾಯಿಂಟ್‌ಗಳಲ್ಲಿರುತ್ತದೆ. ಒಂದು ಪಾಯಿಂಟ್ ಎಂದರೆ ಅಂಗುಲದ 72ನೇ ಒಂದು ಭಾಗ, ಎ4 ಪುಟ ಸುಮಾರು 595 ಅಗಲ, 842 ಎತ್ತರ. ಶೀರ್ಷಿಕೆಯನ್ನು ಮೇಲೆ ಇಡಬೇಕಾದರೆ ಎತ್ತರದಿಂದ ಕಳೆಯುತ್ತಾ ಬರಬೇಕು. ಚಿತ್ರ ಬಿಡಿಸುವಾಗ ಇದು ಗಣಿತದ ನಕ್ಷೆಯಂತೆ ಸಹಜವೆನಿಸುತ್ತದೆ, ಪಠ್ಯ ಬರೆಯುವಾಗ ಮಾತ್ರ ದಣಿಸುತ್ತದೆ. ಅದಕ್ಕಾಗಿಯೇ ಮೇಲಿನ ಮಟ್ಟವಾದ ಪ್ಲಾಟಿಪಸ್ ಇದೆ: ಪ್ಯಾರಾ, ಕೋಷ್ಟಕ, ಚಿತ್ರಗಳನ್ನು ಒಂದು ಪಟ್ಟಿಯಲ್ಲಿ ಕೊಟ್ಟರೆ ಅದು ಚೌಕಟ್ಟುಗಳಿಗೆ ತುಂಬುತ್ತಾ, ಜಾಗ ಮುಗಿದಾಗ ಹೊಸ ಪುಟ ತೆರೆಯುತ್ತಾ ಹೋಗುತ್ತದೆ. ಕೋಷ್ಟಕದ ತಲೆಸಾಲು ಪ್ರತಿ ಪುಟದಲ್ಲೂ ಮರಳಿ ಬರಲು ಒಂದು ಸೂಚನೆ ಸಾಕು. ಸ್ತಂಭನಕ್ಷೆಯಂತೂ ಲೈಬ್ರರಿಯ ಒಳಗೇ ಇದೆ. ಅದು ರೇಖೆಗಳ ರೂಪದಲ್ಲೇ ಕಡತ ಸೇರುವುದರಿಂದ ಎಷ್ಟು ಹಿಗ್ಗಿಸಿದರೂ ಅಂಚು ಒಡೆಯಲಿಲ್ಲ. ನನ್ನನ್ನು ಹೆಚ್ಚು ಕಾಲ ತಡೆದದ್ದು ಒಟ್ಟು ಪುಟಗಳ ಸಂಖ್ಯೆ. ಮೊದಲ ಪುಟವನ್ನು ಬರೆಯುವ ಹೊತ್ತಿಗೆ ಒಟ್ಟು ಎಷ್ಟು ಪುಟಗಳಾಗುತ್ತವೆ ಎಂಬುದು ತಿಳಿದಿರುವುದಿಲ್ಲ. ಹಾಗಾಗಿ ಪುಟಗಳನ್ನು ತಡೆದಿಟ್ಟುಕೊಂಡು ಕೊನೆಯಲ್ಲಿ ಸಂಖ್ಯೆ ಸೇರಿಸುವ ನನ್ನದೇ ಕ್ಯಾನ್ವಾಸ್ ವರ್ಗವೊಂದನ್ನು ಬರೆಯಬೇಕಾಯಿತು.

ಎಫ್‌ಪಿಡಿಎಫ್2 ಪಿಎಚ್‌ಪಿ ಭಾಷೆಯ ಎಫ್‌ಪಿಡಿಎಫ್ ಪರಂಪರೆಯಿಂದ ಬಂದದ್ದು. ಮೂಲಬಿಂದು ಎಡಗಡೆಯ ಮೇಲ್ಮೂಲೆಯಲ್ಲಿದೆ, ಅಳತೆ ಮಿಲಿಮೀಟರ್‌ಗಳಲ್ಲಿದೆ. ಅಳತೆಪಟ್ಟಿ ಹಿಡಿದು ಕಾಗದದ ಮೇಲೆ ಗುರುತು ಹಾಕಿದವರಿಗೆ ಇದು ಕೂಡಲೇ ಕೈಗೆ ಹತ್ತುತ್ತದೆ. ಒಟ್ಟು ಪುಟಗಳ ಜಾಗದಲ್ಲಿ ಒಂದು ಗುರುತನ್ನು ಬರೆದಿಟ್ಟರೆ ಕಡತ ಮುಗಿಯುವಾಗ ಅದು ತಾನೇ ಸಂಖ್ಯೆಯಾಗುತ್ತದೆ. ಕೋಷ್ಟಕದ ತಲೆಸಾಲೂ ಹೇಳದೆಯೇ ಮರುಕಳಿಸಿತು. ಸಿದ್ಧ ನಕ್ಷೆಗಳು ಮಾತ್ರ ಇಲ್ಲಿಲ್ಲ. ಆಯತ ಮತ್ತು ಗೆರೆಗಳಿಂದ ಸ್ತಂಭಗಳನ್ನು ನಾನೇ ಬಿಡಿಸಿದೆ. ಅಕ್ಷದ ಅಂತರ, ಅಂಕಿಗಳ ಜಾಗ, ಪ್ರತಿ ಸ್ತಂಭದ ಎತ್ತರ ಎಲ್ಲವನ್ನೂ ಲೆಕ್ಕ ಹಾಕಬೇಕಾಯಿತು. ಒಂದು ನಕ್ಷೆಗೆ ಇದು ಸಹ್ಯ, ಹತ್ತು ಬಗೆಯ ನಕ್ಷೆಗಳಿದ್ದರೆ ಅಲ್ಲ.

ವೀಜಿಪ್ರಿಂಟ್‌ನ ದಾರಿ ಬೇರೆ. ಜಾಲಪುಟಗಳ ರಚನೆಯನ್ನು ಹೇಳುವ ಎಚ್‌ಟಿಎಂಎಲ್ ಮತ್ತು ಅವುಗಳ ವಿನ್ಯಾಸವನ್ನು ಹೇಳುವ ಸಿಎಸ್‌ಎಸ್ ಬರೆದರೆ ಅದು ಪುಟಗಳಾಗಿ ವಿಂಗಡಿಸಿ ಕೊಡುತ್ತದೆ. ಅಂಚು, ಪುಟದ ಗಾತ್ರ, ಅಡಿಯ ಸಂಖ್ಯೆ, ಒಟ್ಟು ಪುಟಗಳು ಎಲ್ಲವೂ ಸಿಎಸ್‌ಎಸ್‌ನ ಕೆಲವೇ ಸಾಲುಗಳಲ್ಲಿ ಮುಗಿಯುತ್ತವೆ. ಪೈಥಾನ್ ಅರಿಯದ ವಿನ್ಯಾಸಕರೂ ಬಣ್ಣವನ್ನೋ ಅಂತರವನ್ನೋ ತಿದ್ದಬಹುದು ಎಂಬುದನ್ನು ನಾನು ಬಹಳ ದೊಡ್ಡ ಅನುಕೂಲವೆಂದು ಎಣಿಸುತ್ತೇನೆ. ಜಾಲಪುಟದೊಳಗೆ ಓಡುವ ಜಾವಾಸ್ಕ್ರಿಪ್ಟ್ ಕೋಡ್ ಮಾತ್ರ ಇಲ್ಲಿ ನಡೆಯುವುದಿಲ್ಲ. ಬ್ರೌಸರ್‌ನಲ್ಲಿ ತಾನೇ ಮೂಡುವ ನಕ್ಷೆ ಇಲ್ಲಿ ಖಾಲಿ ಜಾಗವಾಗಿ ಉಳಿಯುತ್ತದೆ. ಹೀಗಾಗಿ ಸ್ತಂಭನಕ್ಷೆಯನ್ನು ಮೊದಲೇ ಎಸ್‌ವಿಜಿ ಎಂಬ ರೇಖಾಚಿತ್ರದ ಕಡತವಾಗಿ ತಯಾರಿಸಿ ಸೇರಿಸಿದೆ.

ಆದರೆ ನನ್ನ ತೀರ್ಮಾನವನ್ನು ನಿರ್ಧರಿಸಿದ್ದು ನಕ್ಷೆಯಲ್ಲ, ಒತ್ತಕ್ಷರ. ಪಿಡಿಎಫ್‌ನೊಂದಿಗೆ ಬಂದ 14 ಮೂಲ ಫಾಂಟ್‌ಗಳಲ್ಲಿ ಕನ್ನಡವಿಲ್ಲ, ಆದ್ದರಿಂದ ಕನ್ನಡ ಫಾಂಟ್ ಅನ್ನು ಕಡತದೊಳಗೆ ಸೇರಿಸಲೇಬೇಕು. ಅಷ್ಟೇ ಸಾಕೆಂದು ನಂಬಿ ಎಫ್‌ಪಿಡಿಎಫ್2ನಲ್ಲಿ ಮೊದಲ ಪ್ರತಿ ತೆಗೆದಾಗ ‘ಅರ್ಥ’ ಎಂಬ ಪದದಲ್ಲಿ ಅರ್ಕಾವತ್ತು ಮೂಡದೆ, ರಕಾರದ ಮೇಲೆ ಹಲಂತ ನಿಂತು, ಪಕ್ಕದಲ್ಲಿ ಬಿಡಿ ಥಕಾರ ಕಾಣಿಸಿತು. ತಪ್ಪು ನನ್ನದೇ ಆಗಿತ್ತು. ಯೂನಿಕೋಡ್‌ನಲ್ಲಿ ಈ ಪದ ಅ, ರ, ಹಲಂತ, ಥ ಎಂಬ ನಾಲ್ಕು ಸಂಕೇತಗಳ ಸಾಲು. ಸಂಗ್ರಹದಲ್ಲಿ ರಕಾರ ಮೊದಲು ಬಂದರೂ ಕಾಗದದ ಮೇಲೆ ಅದರ ಗುರುತು ಥಕಾರದ ನಂತರ ಬರಬೇಕು. ಸಂಕೇತಗಳ ಸಾಲನ್ನು ಓದಿ, ಫಾಂಟ್‌ನೊಳಗಿನ ನಿಯಮಗಳಂತೆ ಸರಿಯಾದ ರೂಪಗಳನ್ನು ಆರಿಸಿ, ಸರಿಯಾದ ಕ್ರಮದಲ್ಲಿ ಜೋಡಿಸುವ ಈ ಕೆಲಸವನ್ನು ಹಾರ್ಫ್‌ಬಝ್ ಎಂಬ ಪ್ರತ್ಯೇಕ ತಂತ್ರಾಂಶ ಮಾಡುತ್ತದೆ. ಎಫ್‌ಪಿಡಿಎಫ್2ನಲ್ಲಿ ಅದರ ಪೈಥಾನ್ ಕೊಂಡಿಯನ್ನು ಸ್ಥಾಪಿಸಿ, ಅಕ್ಷರಜೋಡಣೆಯನ್ನು ಒಂದು ಸಾಲಿನ ಕೋಡ್‌ನಿಂದ ಚಾಲನೆ ಮಾಡಬೇಕು, ಅದು ಮೊದಲಿಗೆ ನಿಷ್ಕ್ರಿಯವಾಗಿಯೇ ಇರುತ್ತದೆ. ಚಾಲನೆ ಮಾಡಿದ ಮೇಲೆ ‘ರಾಷ್ಟ್ರ’, ‘ಸ್ತ್ರೀ’, ‘ವರ್ಷ’ ಮೂರೂ ಅಚ್ಚಿನ ಪುಸ್ತಕದಲ್ಲಿರುವಂತೆ ಬಂದವು. ರಿಪೋರ್ಟ್‌ಲ್ಯಾಬ್‌ನ ಹಳೆಯ ಆವೃತ್ತಿಗಳಲ್ಲಿ ಈ ಸೌಲಭ್ಯವಿರಲಿಲ್ಲ, ಈಚಿನವುಗಳಲ್ಲಿ ಅದನ್ನು ನಾವಾಗಿ ಕೇಳಿ ಪಡೆಯಬೇಕು. ವೀಜಿಪ್ರಿಂಟ್ ಪಠ್ಯವನ್ನು ಪ್ಯಾಂಗೋ ಎಂಬ ಪಠ್ಯಜೋಡಣೆಯ ತಂತ್ರಾಂಶದ ಮೂಲಕ ಜೋಡಿಸುತ್ತದೆ, ಪ್ಯಾಂಗೋ ಒಳಗೆ ಹಾರ್ಫ್‌ಬಝ್ ಇದ್ದೇ ಇದೆ. ನಾನು ಏನನ್ನೂ ಹೇಳದೆಯೇ ಮೊದಲ ಪ್ರತಿಯಲ್ಲೇ ಎಲ್ಲ ಒತ್ತಕ್ಷರಗಳೂ ಸರಿಯಾಗಿದ್ದವು.

ಕಣ್ಣಿಗೆ ಸರಿ ಕಂಡ ಮಾತ್ರಕ್ಕೆ ಪರೀಕ್ಷೆ ಮುಗಿಯುವುದಿಲ್ಲ. ಕಡತದಲ್ಲಿರುವುದು ಅಕ್ಷರರೂಪಗಳ ಕ್ರಮಸಂಖ್ಯೆಗಳು. ಅವುಗಳಿಂದ ಮೂಲ ಯೂನಿಕೋಡ್ ಪಠ್ಯಕ್ಕೆ ಮರಳಲು ಯಾವ ರೂಪ ಯಾವ ಅಕ್ಷರಕ್ಕೆ ಸೇರಿದ್ದೆಂದು ಹೇಳುವ ಬೇರೊಂದು ಪಟ್ಟಿ ಬೇಕು. ರೂಪಗಳ ಕ್ರಮ ಬದಲಾದ ಪದಗಳಲ್ಲಿ ಈ ಮರುಪ್ರಯಾಣ ಎಡವಬಹುದು, ಆಗ ಓದಲು ಸಿಗುವ ಪದ ಹುಡುಕಿದರೆ ಸಿಗುವುದಿಲ್ಲ. ಯಾವ ಲೈಬ್ರರಿಯನ್ನು ಆರಿಸಿದರೂ ಒಂದು ಪ್ಯಾರಾವನ್ನು ನಕಲಿಸಿ ಬೇರೆಡೆ ಅಂಟಿಸಿ ನೋಡುವುದನ್ನು ನಾನು ಬಿಡುವುದಿಲ್ಲ.

ಉದ್ದನೆಯ ಪಠ್ಯವಿರುವ ಕನ್ನಡ ವರದಿಗಳಿಗೆ ಈಗ ವೀಜಿಪ್ರಿಂಟ್ ಅನ್ನೇ ಬಳಸುತ್ತಿದ್ದೇನೆ. ಪ್ಯಾಂಗೋ ಕಂಪ್ಯೂಟರ್‌ನಲ್ಲಿ ಬೇರೆಯಾಗಿ ಇರಬೇಕು, ದೊಡ್ಡ ಕೋಷ್ಟಕಗಳಿಗೆ ವೀಜಿಪ್ರಿಂಟ್ ಉಳಿದೆರಡಕ್ಕಿಂತ ನಿಧಾನ, ಮತ್ತು ಆ ಬೆಲೆಯನ್ನು ನಾನು ಒಪ್ಪಿ ಕೊಡುತ್ತೇನೆ. ನಕ್ಷೆಗಳೇ ತುಂಬಿದ, ಒಂದೇ ಅಚ್ಚಿನ ದಾಖಲೆಗಳನ್ನು ದೊಡ್ಡ ಸಂಖ್ಯೆಯಲ್ಲಿ ತೆಗೆಯಬೇಕಾದಾಗ ರಿಪೋರ್ಟ್‌ಲ್ಯಾಬ್‌ಗೆ ಮರಳುತ್ತೇನೆ. ಮೊದಲೇ ಮುದ್ರಿತವಾದ ಪ್ರಮಾಣಪತ್ರದ ಮೇಲೆ ಹೆಸರು, ದಿನಾಂಕಗಳನ್ನು ನಿಖರವಾದ ಜಾಗದಲ್ಲಿ ಕೂರಿಸುವ ಕೆಲಸಕ್ಕೆ ಎಫ್‌ಪಿಡಿಎಫ್2ನ ಮಿಲಿಮೀಟರ್ ಲೆಕ್ಕವೇ ಹಿತ. ಅಲ್ಲಿ ಒಂದು ಎಚ್ಚರಿಕೆ ಬೇಕು: ಪುಟದ ಕೆಳಗಿನ 2 ಸೆಂಟಿಮೀಟರ್ ಅನ್ನು ಅದು ಅಂಚೆಂದು ಎಣಿಸುವುದರಿಂದ, ಸ್ವಯಂ ಪುಟವಿಭಾಗವನ್ನು ನಿಷ್ಕ್ರಿಯಗೊಳಿಸದಿದ್ದರೆ ಸಹಿಯ ಕೆಳಗೆ ಬರೆಯಬೇಕಾದ ಸಾಲು ಹೊಸ ಪುಟಕ್ಕೆ ಹಾರಿಬಿಡುತ್ತದೆ.