ಹಳೆಯ ಜರಿ ಪಗಡಿಯನ್ನು ದುರಸ್ತಿಗೆ ಕೊಡುವ ಮುನ್ನ

ಜಮಖಂಡಿ ಸಂಸ್ಥಾನದ ದಸರಾ ದರ್ಬಾರಿಗೆ ನಮ್ಮ ಮುತ್ತಜ್ಜನವರು ಧರಿಸುತ್ತಿದ್ದ ಕೆಂಪು ರೇಷ್ಮೆಯ ಜರಿ ಪಗಡಿ, 1948ರಲ್ಲಿ ಸಂಸ್ಥಾನವು ಮುಂಬಯಿ ಪ್ರಾಂತದಲ್ಲಿ ವಿಲೀನವಾದ ಮೇಲೂ ನಮ್ಮ ಮನೆಯಲ್ಲಿ ಭದ್ರವಾಗಿತ್ತು. ಮಡಿಕೆಗಳಲ್ಲಿ ಬಟ್ಟೆ ಸೀಳತೊಡಗಿದ್ದರಿಂದ, ಮದುವೆ ಮುಂಜಿಗಳಿಗೆ ಪಗಡಿ ಕಟ್ಟಿಕೊಡುವ ಪುಣೆಯ ಅಂಗಡಿಯೊಂದಕ್ಕೆ ಅದನ್ನು ದುರಸ್ತಿಗೆ ಕೊಟ್ಟೆವು. ಹೊಸದರಂತೆ ಮಾಡಿಕೊಡುತ್ತೇವೆ ಎಂದರು. ಹಾಗೆಯೇ ಮಾಡಿದರು, ಅನಾಹುತವಾದದ್ದೂ ಅದರಿಂದಲೇ.

ಹಳೆಯ ಅಸಲಿ ಜರಿಯೆಂದರೆ ರೇಷ್ಮೆ ಎಳೆಗೆ ಸುತ್ತಿದ, ಚಿನ್ನದ ಲೇಪವಿರುವ ಬೆಳ್ಳಿಯ ತೆಳು ತಂತಿ. ಗಾಳಿಯಲ್ಲಿರುವ ಗಂಧಕದ ಅಂಶ ತಗುಲಿ ಬೆಳ್ಳಿ ಕಪ್ಪಾಗುತ್ತದೆ. ಆ ಕಪ್ಪನ್ನು ತೆಗೆಯಲು ಅವರು ಬೆಳ್ಳಿ ಪಾತ್ರೆ ಬೆಳಗುವ ದ್ರಾವಣವನ್ನು ಹಚ್ಚಿ ಉಜ್ಜಿದ್ದರಿಂದ ಚಿನ್ನದ ಲೇಪವೂ ಹೋಗಿ, ಅಂಚಿನುದ್ದಕ್ಕೂ ಒಳಗಿನ ಹಳದಿ ಎಳೆ ಬರಿದಾಗಿ ಕಾಣುತ್ತಿದೆ. ನೀರು ತಾಗಿ ಬಿಟ್ಟ ಕೆಂಪು ಬಣ್ಣ ಜರಿಯ ಪಕ್ಕದಲ್ಲಿ ಗುಲಾಬಿ ಕಲೆಯಾಗಿ ನಿಂತಿದೆ. ಸೀಳುಗಳಿಗೆ ಹಚ್ಚಿದ ಬಿಳಿ ಅಂಟು ಒಣಗಿ ಹಪ್ಪಳದಂತೆ ಗಡುಸಾಗಿದ್ದು, ಬೆರಳು ತಾಗಿದರೆ ಅದರ ಅಂಚಿನಲ್ಲಿ ರೇಷ್ಮೆ ಪುಡಿಯಾಗಿ ಉದುರುತ್ತದೆ.

ಪಗಡಿ ಕಟ್ಟುವವರ ಕುಶಲತೆಯ ಬಗ್ಗೆ ನನಗೆ ಗೌರವವಿದೆ. ಪುಣೇರಿ ಪಗಡಿಗೆ 2009ರಲ್ಲಿ ಭೌಗೋಳಿಕ ಸೂಚಿಕೆಯ (ಜಿಐ, ಅಂದರೆ ಆ ಪ್ರದೇಶದ ವಿಶಿಷ್ಟ ವಸ್ತುವೆಂಬ ಗುರುತಿನ) ಮಾನ್ಯತೆ ದೊರೆತದ್ದು ಸುಮ್ಮನೆ ಅಲ್ಲ. ಆದರೆ ಹೊಸದನ್ನು ಕಟ್ಟುವುದು ಬೇರೆ, ಹಳೆಯ ಬಟ್ಟೆಯನ್ನು ಉಳಿಸುವುದು ಬೇರೆ. ಜವಳಿ ಸಂರಕ್ಷಣೆಯಲ್ಲಿ ತರಬೇತಿ ಪಡೆದವರು ಸೀಳಿನ ಹಿಂದೆ ಅದೇ ಛಾಯೆಗೆ ಬಣ್ಣ ಹಾಕಿದ ತೆಳು ರೇಷ್ಮೆಯನ್ನು ಇಟ್ಟು, ಸಡಿಲವಾದ ಎಳೆಗಳನ್ನು ಕೂದಲಿನಷ್ಟು ಸಣ್ಣ ದಾರದಿಂದ ಅದರ ಮೇಲೆ ಹಿಡಿದು ಹೊಲಿಯುತ್ತಾರೆ; ಮುಂದೆ ಬೇಕೆಂದಾಗ ಆ ಹೊಲಿಗೆಯನ್ನು ಬಿಚ್ಚಬಹುದು. ಒಳಭಾಗದ ಮೂಲೆಯಲ್ಲಿ ಒದ್ದೆ ಹತ್ತಿಯನ್ನೊತ್ತಿ ಬಣ್ಣ ಬಿಡುತ್ತದೆಯೇ ಎಂದು ನೋಡದೆ ಅವರು ನೀರನ್ನೇ ತಾಗಿಸುವುದಿಲ್ಲ. ಮುಂಬಯಿಯ ಛತ್ರಪತಿ ಶಿವಾಜಿ ಮಹಾರಾಜ ವಸ್ತು ಸಂಗ್ರಹಾಲಯದಲ್ಲಿ ಕಲಾ ಸಂರಕ್ಷಣಾ ಕೇಂದ್ರವಿದೆ. ಅಂಥ ಕಡೆ ವಿಚಾರಿಸದೆ ಯಾರ ಕೈಗೂ ಕೊಡಬೇಡಿ. ಅಲ್ಲಿಯವರೆಗೆ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡಲೂ ಬೇಡಿ, ಮಳೆಗಾಲದ ತೇವ ಒಳಗೇ ನಿಂತು ಬೂಷ್ಟು ಹಿಡಿಯುತ್ತದೆ. ತೊಳೆದ ಬಿಳಿ ಹತ್ತಿ ಬಟ್ಟೆ ಸಾಕು.

ಯಾರಿಗೇ ಕೊಟ್ಟರೂ ಎಲ್ಲ ಬದಿಗಳ ಫೋಟೋ ತೆಗೆದಿಟ್ಟುಕೊಂಡು, ಬಿಚ್ಚಿದ ಪ್ರತಿಯೊಂದು ಚೂರನ್ನೂ ಹಿಂದಿರುಗಿಸಬೇಕೆಂದು ಬರೆಸಿಕೊಳ್ಳಿ. ನಮ್ಮ ಪಗಡಿಯ ಒಳಪಟ್ಟಿಯಲ್ಲಿ ಮುತ್ತಜ್ಜನವರ ಹೆಸರು, ಹಿಂದೆ ಮರಾಠಿ ಬರೆಯಲು ಬಳಸುತ್ತಿದ್ದ ಮೋಡಿ ಲಿಪಿಯಲ್ಲಿತ್ತು. ಅಂಗಡಿಯವರು ಬೆವರಿನ ಕಲೆಯಾಗಿದೆಯೆಂದು ಅದನ್ನು ಕಿತ್ತು ಸ್ಯಾಟಿನ್ ಹೊಲಿದರು. ಮುಂಗಡವನ್ನು ಮರಳಿಸಿದರಾದರೂ, ಪಟ್ಟಿ ಕಸಕ್ಕೆ ಹೋಗಿದೆ.