ಟ್ರ್ಯಾಕಿಗೊಂದು, ದೇವಿಮನೆ ಘಟ್ಟಕ್ಕೊಂದು: ಎರಡು ಸೆಟ್ ಬ್ರೇಕ್ ಪ್ಯಾಡ್ ಬಳಸಿದ ಅನುಭವ

ಎರಡು ವರ್ಷದಿಂದ ನನ್ನ ಪೋಲೋ ಜಿಟಿ ಕಾರಿಗೆ ಎರಡು ಸೆಟ್ ಬ್ರೇಕ್ ಪ್ಯಾಡ್ (ಚಕ್ರದ ಜೊತೆ ತಿರುಗುವ ಡಿಸ್ಕನ್ನು ಎರಡೂ ಕಡೆಯಿಂದ ಒತ್ತಿ ನಿಲ್ಲಿಸುವ ಬಿಲ್ಲೆ) ಇಟ್ಟುಕೊಂಡಿದ್ದೇನೆ. ಒಂದು ದಿನನಿತ್ಯದ ಓಡಾಟಕ್ಕೆ, ಇನ್ನೊಂದು ರೇಸ್ ಟ್ರ್ಯಾಕಿಗೆ ಮಾತ್ರ. ಮನೆ ಶಿರಸಿಯಲ್ಲಿ, ಕೆಲಸ ಕಾರವಾರದಲ್ಲಿ. ಸೋಮವಾರ ಬೆಳಿಗ್ಗೆ ದೇವಿಮನೆ ಘಟ್ಟ ಇಳಿದು ಕುಮಟಾ, ಅಂಕೋಲಾ ಮೇಲೆ ಹೋಗುತ್ತೇನೆ, ಶನಿವಾರ ಅದೇ ದಾರಿಯಲ್ಲಿ ವಾಪಸ್. ವರ್ಷಕ್ಕೆ ಎರಡು ಸಲ ಚೆನ್ನೈ ಹತ್ತಿರದ ಇರುಂಗಾಟ್ಟುಕೋಟೈ ಟ್ರ್ಯಾಕಿಗೆ ಹೋಗುತ್ತೇನೆ. "ಒಂದೇ ಒಳ್ಳೇ ಪ್ಯಾಡ್ ಹಾಕಿಸಿದ್ರೆ ಎರಡಕ್ಕೂ ಆಗಲ್ವಾ?" ಅಂತ ಗೆಳೆಯರು ಕೇಳುತ್ತಾರೆ. ಆಗುವುದಿಲ್ಲ. ಎರಡೂ ಕಡೆ ತಪ್ಪು ಮಾಡಿ ನೋಡಿದ ಮೇಲೆ ಹೇಳುತ್ತಿದ್ದೇನೆ.

ಮೊದಲ ಸಲ ಮಾಮೂಲಿ ಪ್ಯಾಡಿನಲ್ಲೇ ಟ್ರ್ಯಾಕಿಗೆ ಇಳಿದೆ. ಒಂದು ಸುತ್ತು 3.7 ಕಿಲೋಮೀಟರ್. ಎರಡು ಸುತ್ತು ಚೆನ್ನಾಗಿಯೇ ಹೋಯಿತು. ಮೂರನೇ ಸುತ್ತಿನಲ್ಲಿ, ಉದ್ದನೆಯ ನೇರ ದಾರಿ ಮುಗಿಯುವಲ್ಲಿ ಬ್ರೇಕ್ ಒತ್ತಿದರೆ ಪೆಡಲ್ ಕಲ್ಲಿನಂತೆ ಗಟ್ಟಿ, ಕಾರು ಮಾತ್ರ ನಿಲ್ಲುತ್ತಿಲ್ಲ. ಅದು ಪ್ಯಾಡ್ ಕಾದು ಹಿಡಿತ ಬಿಟ್ಟ ಲಕ್ಷಣ. ಮಧ್ಯಾಹ್ನ ಇನ್ನೊಂದು ಆಯಿತು, ಪೆಡಲ್ ಮೆತ್ತಗಾಗಿ ಕೆಳಗಿನವರೆಗೂ ಹೋಯಿತು. ಇದು ಪ್ಯಾಡಿನ ತಪ್ಪಲ್ಲ, ಬ್ರೇಕ್ ಆಯಿಲ್ ಕುದಿದು ಗುಳ್ಳೆ ಬಂದದ್ದು. ಎರಡೂ ಬೇರೆ ಬೇರೆ ಕಾಯಿಲೆ, ಔಷಧಿಯೂ ಬೇರೆ. ಸಂಜೆ ಚಕ್ರ ಬಿಚ್ಚಿ ನೋಡಿದರೆ ಪ್ಯಾಡಿನ ಅಂಚು ಬೂದಿಯಂತೆ ಬಿಳಿಚಿಕೊಂಡು ಬೆರಳು ತಾಗಿದರೆ ಪುಡಿ ಉದುರುತ್ತಿತ್ತು, ಹಿಂದಿನ ತಗಡಿನ ಬಣ್ಣ ಸುಟ್ಟು ಸಿಪ್ಪೆ ಎದ್ದಿತ್ತು.

ಆಮೇಲೆ ಟ್ರ್ಯಾಕ್ ಪ್ಯಾಡ್ ತರಿಸಿದೆ. ಕಂಪನಿ ಹೆಸರು ಬೇಡ, ಯಾಕೆಂದರೆ ಮುಂದೆ ಹೇಳುವುದು ಆ ಜಾತಿಯ ಪ್ಯಾಡಿಗೆಲ್ಲ ಇರುವ ಗುಣ. ಬೆಲೆ ಮಾಮೂಲಿ ಪ್ಯಾಡಿನ ಮೂರು ಪಟ್ಟಿಗಿಂತ ಜಾಸ್ತಿ. ಟ್ರ್ಯಾಕಿನಲ್ಲಿ ಅದ್ಭುತ. ಇಪ್ಪತ್ತು ನಿಮಿಷ ಓಡಿಸಿದರೂ ಮೊದಲ ತಿರುವಿನಲ್ಲಿ ಎಷ್ಟು ಒತ್ತಿದ್ದೆನೋ ಕೊನೆಗೂ ಅಷ್ಟೇ ಒತ್ತಿದರೆ ಸಾಕು. ಆ ಧೈರ್ಯ ಸಿಕ್ಕ ಮೇಲೆ ಓಡಿಸುವ ಖುಷಿಯೇ ಬೇರೆ.

ಖುಷಿಯಲ್ಲಿ ಅದನ್ನು ಬದಲಿಸದೆ ಹಾಗೇ ಬಿಟ್ಟೆ. ಜೂನ್ ಬಂತು. ಒಂದು ಸೋಮವಾರ ಬೆಳಿಗ್ಗೆ ಆರೂವರೆಗೆ, ದೇವಿಮನೆ ದೇವಸ್ಥಾನ ದಾಟಿ ಇಳಿಯಲು ಶುರು ಮಾಡಿದ್ದೆ ಅಷ್ಟೇ, ಮಂಜು, ರಸ್ತೆ ತುಂಬಾ ನೀರು, ತಿರುವಿನಲ್ಲಿ ಎದುರಿಗೆ ಬಸ್ಸು. ಬ್ರೇಕ್ ಒತ್ತಿದೆ, ಒಂದು ಕ್ಷಣ ಏನೂ ಆಗಲಿಲ್ಲ. ಇನ್ನೂ ಜೋರಾಗಿ ಒತ್ತಿದ ಮೇಲೆ ಹಿಡಿಯಿತು. ಟ್ರ್ಯಾಕ್ ಪ್ಯಾಡಿಗೆ ಬಿಸಿ ಬೇಕು. ತಣ್ಣಗಿದ್ದಾಗ, ಅದರಲ್ಲೂ ಒದ್ದೆ ಡಿಸ್ಕಿನ ಮೇಲೆ, ಅದು ಮಾಮೂಲಿ ಪ್ಯಾಡಿನಷ್ಟು ಬೇಗ ಹಿಡಿಯುವುದಿಲ್ಲ. ಘಟ್ಟಕ್ಕೆ ಟ್ರ್ಯಾಕ್ ಪ್ಯಾಡ್ ಒಳ್ಳೆಯದು ಅಂದುಕೊಂಡವರು ದಯವಿಟ್ಟು ಇದನ್ನು ಗಮನಿಸಿ. ಎರಡನೇ, ಮೂರನೇ ಗೇರಿನಲ್ಲಿ ಇಳಿದರೆ ದೇವಿಮನೆಗೂ ಅರಬೈಲು ಘಟ್ಟಕ್ಕೂ ಮಾಮೂಲಿ ಪ್ಯಾಡ್ ಧಾರಾಳ ಸಾಕು.

ಟ್ರ್ಯಾಕ್ ಪ್ಯಾಡ್ ಕಾರವಾರ ಪೇಟೆಯಲ್ಲಿ ಕಿರ್ರ್ ಅಂತ ಕಿರುಚುವುದು ಬೇರೆ. ಕಪ್ಪು ಧೂಳೂ ಜಾಸ್ತಿ. ಅದರಲ್ಲಿ ಕಬ್ಬಿಣದ ಪುಡಿ ಇರುತ್ತದೆ. ಕಡಲ ಗಾಳಿಗೆ ನಾಲ್ಕು ದಿನ ತೊಳೆಯದೆ ಬಿಟ್ಟರೆ ಅಲಾಯ್ ಚಕ್ರದ ಮೇಲೆ ಕೆಂಪು ಚುಕ್ಕೆಗಳಾಗಿ ಕೂರುತ್ತದೆ, ಉಜ್ಜಿದರೂ ಹೋಗುವುದಿಲ್ಲ.

ಬದಲಿಸುವುದು ಕಷ್ಟವಲ್ಲ. ಈ ಕಾರಿಗೆ ಹಿಂದೆ ಡ್ರಮ್ ಬ್ರೇಕ್, ಅದಕ್ಕೆ ಈ ಪ್ಯಾಡ್ ಇಲ್ಲ, ಹಾಗಾಗಿ ಮುಂದಿನ ನಾಲ್ಕು ಪ್ಯಾಡ್ ಮಾತ್ರ. ಜ್ಯಾಕ್ ಜೊತೆ ಸ್ಟ್ಯಾಂಡ್ ಕಡ್ಡಾಯ. 7 ಎಂಎಂ ಅಲೆನ್ ಕೀಯಲ್ಲಿ ಕ್ಯಾಲಿಪರ್ (ಪ್ಯಾಡ್ ಕೂರುವ ಹಿಡಿ) ಬಿಚ್ಚಿ, ಪ್ಯಾಡನ್ನು ಒತ್ತುವ ಪಿಸ್ಟನ್ ನಿಧಾನಕ್ಕೆ ಒಳಗೆ ಒತ್ತಬೇಕು. ಆಗ ಬಾನೆಟ್ ಒಳಗಿನ ಡಬ್ಬಿಯಲ್ಲಿ ಬ್ರೇಕ್ ಆಯಿಲ್ ಏರುತ್ತದೆ, ಚೆಲ್ಲಿದರೆ ಪೇಂಟ್ ತಿನ್ನುತ್ತದೆ, ಬಟ್ಟೆ ಹಿಡಿದಿರಿ. ಎಲ್ಲ ಮುಗಿದ ಮೇಲೆ ಕಾರು ಅಲುಗಿಸುವ ಮೊದಲು ಪೆಡಲ್ ಗಟ್ಟಿಯಾಗುವವರೆಗೆ ಒತ್ತಿ ಒತ್ತಿ ಬಿಡಬೇಕು. ಇದನ್ನು ಮರೆತರೆ ಮೊದಲ ಬ್ರೇಕ್ ಸಿಗುವುದೇ ಇಲ್ಲ. ನನಗೆ ಈಗ ಒಂದೂವರೆ ಗಂಟೆ ಹಿಡಿಯುತ್ತದೆ. ಚೆನ್ನೈವರೆಗೆ ಮಾಮೂಲಿ ಪ್ಯಾಡಿನಲ್ಲೇ ಹೋಗಿ, ಹಿಂದಿನ ದಿನ ಸಂಜೆ ಅಲ್ಲೇ ಬದಲಿಸುತ್ತೇನೆ.

ಡಿಸ್ಕಿನ ವಿಷಯ ಯಾರೂ ಹೇಳಿರಲಿಲ್ಲ. ಪ್ಯಾಡ್ ತನ್ನದೇ ಒಂದು ತೆಳು ಪದರವನ್ನು ಡಿಸ್ಕಿನ ಮೇಲೆ ಹಚ್ಚುತ್ತದೆ, ಹಿಡಿತ ಬರುವುದು ಅದರ ಮೇಲೆ. ಒಂದರ ಪದರದ ಮೇಲೆ ಇನ್ನೊಂದು ಪ್ಯಾಡ್ ಹಾಕಿದರೆ ಹೊಂದುವುದಿಲ್ಲ. ನನಗೆ ಘಟ್ಟ ಇಳಿಯುವಾಗ ಸ್ಟೀರಿಂಗ್ ನಡುಗಲು ಶುರುವಾಯಿತು. ಡಿಸ್ಕ್ ಸೊಟ್ಟಗಾಗಿದೆ ಅಂತ ಒಂದು ಗ್ಯಾರೇಜಿನಲ್ಲಿ ಹೇಳಿದರು, ಅಳೆದು ನೋಡಿದರೆ ನೆಟ್ಟಗೇ ಇತ್ತು. ಎರಡನೇ ಜೊತೆ ಡಿಸ್ಕ್ ತಂದು ಪ್ರತಿ ಪ್ಯಾಡಿಗೂ ಅದರದ್ದೇ ಡಿಸ್ಕ್ ಅಂತ ಮಾಡಿದ ಮೇಲೆ ನಡುಕ ಪೂರ್ತಿ ನಿಂತಿತು. ಖರ್ಚು ಬಂತು ನಿಜ, ಆದರೆ ನನ್ನ ಲೆಕ್ಕದಲ್ಲಿ ಇಡೀ ವ್ಯವಸ್ಥೆಯಲ್ಲಿ ಸಾರ್ಥಕವಾದ ದುಡ್ಡು ಅದೇ.

ವರ್ಷಕ್ಕೆ ಒಂದೇ ಸಲ ಟ್ರ್ಯಾಕಿಗೆ ಹೋಗುವವರು ಮೊದಲು ಬ್ರೇಕ್ ಆಯಿಲ್ ಬದಲಿಸಿ. ಡಾಟ್ 4 ದರ್ಜೆಯ ಬ್ರೇಕ್ ಆಯಿಲ್ ಹೊಸದಿದ್ದಾಗ ಕನಿಷ್ಠ 230 ಡಿಗ್ರಿವರೆಗೆ ಕುದಿಯಬಾರದು ಅನ್ನುವುದು ನಿಯಮ, ನೀರು ಹೀರಿದ ಮೇಲೆ ಅದೇ 155ಕ್ಕೆ ಇಳಿಯಬಹುದು. ಅದು ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ, ನಮ್ಮ ಕರಾವಳಿಯಲ್ಲಿ ತೇವಕ್ಕೇನು ಬರವೇ? ನಾನು ಪ್ರತಿ ಟ್ರ್ಯಾಕ್ ದಿನದ ಮೊದಲು ಹೊಸದು ಹಾಕುತ್ತೇನೆ.

ಈಗ ಟ್ರ್ಯಾಕ್ ಸೆಟ್ ಶಿರಸಿ ಮನೆಯ ಅಟ್ಟದಲ್ಲಿದೆ. ಮಳೆಗಾಲದಲ್ಲಿ ಡಿಸ್ಕ್ ತುಕ್ಕು ಹಿಡಿಯಬಾರದೆಂದು ಎಣ್ಣೆ ಸವರಿ ಪ್ಲಾಸ್ಟಿಕ್ ಸುತ್ತಿದ್ದೇನೆ, ಹಾಕುವ ಮೊದಲು ಬ್ರೇಕ್ ಕ್ಲೀನರ್‌ನಲ್ಲಿ ಆ ಎಣ್ಣೆಯನ್ನು ಪೂರ್ತಿ ತೆಗೆಯಬೇಕು. ಪ್ಯಾಡಿಗೆ ಎಣ್ಣೆ ಸೋಕಬಾರದು, ಅದಕ್ಕೆ ಬೇರೆ ಡಬ್ಬ. ಪ್ರತಿ ಪ್ಯಾಡಿನ ಬೆನ್ನಿಗೆ ಎಡ, ಬಲ, ಒಳ, ಹೊರ ಅಂತ ಮಾರ್ಕರಿನಲ್ಲಿ ಬರೆದಿಟ್ಟಿದ್ದೇನೆ. ನಾಲ್ಕು ಟ್ರ್ಯಾಕ್ ದಿನ ಆದ ಮೇಲೂ ಅರ್ಧಕ್ಕಿಂತ ಜಾಸ್ತಿ ಉಳಿದಿದೆ.